ಅರ್ಧ ಗಂಟೆಯ ಋಣ

ಗುರುವಾರ ನಮ್ಮ ಕಡೆ ಸೂಜಿಯ ದಿನ. ತಂಗಿಯ ಮೊಮ್ಮಗಳಿಗೆ ಒಂದೂವರೆ ತಿಂಗಳು ತುಂಬಿತ್ತು. ಮಳೆ ಹನಿಯುತ್ತಿದ್ದುದರಿಂದ ಕೊಡೆ ಹಿಡಿಯಲು ಒಬ್ಬರು ಬೇಕೆಂದು ನಾನೂ ಅಂಗನವಾಡಿಗೆ ಹೋಗಿದ್ದೆ. ಸಿಸ್ಟರ್ ನೀಲಿ ಪೆಟ್ಟಿಗೆಯ ಮುಚ್ಚಳ ತೆಗೆದರು. ಐಸ್ ಪ್ಯಾಕುಗಳ ನಡುವಿನಿಂದ ಸೀಸೆಯೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಅದರ ಮೇಲಿನ ಪುಟ್ಟ ಚೌಕ ಬಣ್ಣ ತಿರುಗಿದೆಯೇ ಎಂದು ನೋಡಿದರು. ಮಗುವಿನ ತೊಡೆ ನನ್ನ ಎರಡು ಬೆರಳು ಸೇರಿಸಿದಷ್ಟು ದಪ್ಪವಿತ್ತು. ಸೂಜಿ ಒಳಗೆ ಹೋದ ಮೇಲೆ ಒಂದು ಗಳಿಗೆ ಏನೂ ಇಲ್ಲ. ಮಗು ಬಾಯಿ ಅಗಲಿಸಿ, ಉಸಿರು ಕಟ್ಟಿ, ಕೆಂಪಾಗಿ, ಆಮೇಲೆ ಚೀರಿತು. ಅದರ ಅಮ್ಮನ ಕಣ್ಣಲ್ಲೂ ನೀರು.

ಸಿಸ್ಟರ್ ಸೂಜಿಯನ್ನು ಕಟರಿಗೆ ಕೊಟ್ಟು ತುಂಡರಿಸುತ್ತಲೇ ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ರಾತ್ರಿ ಜ್ವರ ಬರಬಹುದು, ಹೆದರಬೇಡಿ. ಹಾಕಿದ ಜಾಗ ಉಜ್ಜಬೇಡಿ. ಮುಂದಿನ ತಿಂಗಳು ಇದೇ ತಾರೀಖಿನ ಹೊತ್ತಿಗೆ ಬನ್ನಿ. ಕಾರ್ಡು ಕಳೆಯಬೇಡಿ. ಈಗ ಅರ್ಧ ಗಂಟೆ ಇಲ್ಲೇ ಕೂತಿರಿ.

"ಬಸ್ಸಿದೆ ಸಿಸ್ಟರ್" ಎಂದಳು ಹುಡುಗಿ, ಮಗುವಿನ ಅಮ್ಮ.

"ಬಸ್ಸು ಇನ್ನೊಂದು ಬರತ್ತೆ. ಕೂತ್ಕೊಳಿ."

ಕೂತೆವು, ಅ ಆ ಇ ಈ ಬರೆದ ಗೋಡೆಗೆ ಒರಗಿಕೊಂಡು. ಆ ಅರ್ಧ ಗಂಟೆಯಲ್ಲಿ ನನಗೆ ಹೊಳೆದದ್ದನ್ನು ಅಂದಿನಿಂದ ಮನಸ್ಸಿನಲ್ಲಿ ತಿರುವಿಹಾಕುತ್ತಲೇ ಇದ್ದೇನೆ. ನಾವು ಯಾತಕ್ಕಾಗಿ ಕಾಯುತ್ತಿದ್ದೆವು? ಹತ್ತು ಲಕ್ಷ ಡೋಸುಗಳಲ್ಲಿ ಒಂದರ ಆಸುಪಾಸು ಯಾವುದೋ ಒಂದು ದೇಹ ಲಸಿಕೆಯ ವಿರುದ್ಧ ತಿರುಗಿಬೀಳುತ್ತದೆ. ಮೈಯೆಲ್ಲ ದದ್ದು ಎದ್ದು, ಉಸಿರು ಸಿಕ್ಕಿ, ರಕ್ತದೊತ್ತಡ ಕುಸಿಯುತ್ತದೆ. ಅದಕ್ಕೆ ಬೇಕಾದ ಮದ್ದು ಸಿಸ್ಟರ ಚೀಲದಲ್ಲೇ ಇರಬೇಕೆಂಬ ನಿಯಮವಿದೆ. ಅಂಥದ್ದು ಆಗುವುದಾದರೆ ಹೆಚ್ಚಾಗಿ ಆ ಅರ್ಧ ಗಂಟೆಯೊಳಗೇ ಆಗುತ್ತದೆ. ಹಾಗಾಗಿ ಕೂರಿಸುತ್ತಾರೆ. ಅಂದರೆ ಸರ್ಕಾರಕ್ಕೆ ಗೊತ್ತು. ಎಲ್ಲೋ, ಯಾವುದೋ ಅಂಗನವಾಡಿಯಲ್ಲಿ, ಯಾರದೋ ಮಡಿಲಲ್ಲಿ ಆ ಒಂದು ಆಗಿಯೇ ತೀರುತ್ತದೆ ಎಂಬುದು ಮೊದಲೇ ಲೆಕ್ಕ ಹಾಕಿದ ಸಂಗತಿ. ಯಾರು ಎಂಬುದಷ್ಟೇ ಗೊತ್ತಿಲ್ಲ.

ಲಸಿಕೆಯ ಬಗ್ಗೆ ನನಗೆ ಅನುಮಾನವಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಅಜ್ಜಿಯ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. "ದಾಕು ಹಾಕೋರು ಬರೋ ಹೊತ್ತಿಗೆ ತಡವಾಗಿತ್ತು" ಎನ್ನುತ್ತಿದ್ದರು. ನನ್ನ ತರಗತಿಯಲ್ಲಿ ಇಬ್ಬರು ಪೋಲಿಯೊ ಕಾಲಿನವರು. ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು, ಆಟದ ಪೀರಿಯಡ್ಡಿನಲ್ಲಿ ನಮ್ಮ ಚಪ್ಪಲಿ ಕಾಯುತ್ತ ಕೂರುತ್ತಿದ್ದರು. ಇಂದಿನ ಮಕ್ಕಳು ಇವೆರಡನ್ನೂ ಕಂಡಿಲ್ಲ. ಭಾರತದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಬಂಗಾಳದ ಹೌರಾದಲ್ಲಿ, 2011ರ ಜನವರಿಯಲ್ಲಿ. ಇಷ್ಟು ದೊಡ್ಡ ಉಪಕಾರ ಮನುಷ್ಯ ಮನುಷ್ಯನಿಗೆ ಮಾಡಿಕೊಂಡದ್ದು ಕಡಿಮೆ. ಆದರೆ ಅದೇ ಪೋಲಿಯೊ ಹನಿಯ ಮಾತು ತೆಗೆದುಕೊಳ್ಳಿ. ಆ ಹನಿಯಲ್ಲಿದ್ದದ್ದು ದುರ್ಬಲಗೊಳಿಸಿದ ಜೀವಂತ ವೈರಸ್. ಸುಮಾರು 27 ಲಕ್ಷ ಡೋಸುಗಳಿಗೆ ಒಂದರಂತೆ ಅದು ತಾನೇ ಪೋಲಿಯೊ ಆಗಿ ಕಾಲು ಕೆಡಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಇದು ಆರೋಪವಲ್ಲ, ಒಪ್ಪಿದ ಮಾತು. ಎರಡೆರಡು ಹನಿ ಕೋಟಿ ಕೋಟಿ ಬಾಯಿಗೆ ಬಿದ್ದ ದೇಶದಲ್ಲಿ ಆ ಮಕ್ಕಳು ಎಲ್ಲೋ ಇದ್ದಾರೆ, ಬೆಳೆದಿದ್ದಾರೆ. ಅವರ ಅಮ್ಮಂದಿರು ಬೂತಿಗೆ ತಾವಾಗಿಯೇ ನಡೆದುಹೋದವರು.

ಅವರಿಗೆ ನಾವು ಏನನ್ನು ಕೊಡಬೇಕು?

ಈ ಪ್ರಶ್ನೆ ಹೊಸದಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನ ಪ್ಲೇಗಿನ ಚುಚ್ಚುಮದ್ದು ಹಾಕಿಸಿಕೊಂಡರು. ಪ್ಲೇಗು ದೇಶವನ್ನೆಲ್ಲ ಗುಡಿಸುತ್ತಿದ್ದ ಕಾಲ ಅದು. 1898ರಲ್ಲಿ ಬೆಂಗಳೂರಿಗೂ ಬಂದಿತ್ತು. ಪ್ಲೇಗಮ್ಮನ ಗುಡಿಗಳು ಇಂದಿಗೂ ಅದರ ಗುರುತು. ಈ ಲಸಿಕೆ ಕಂಡುಹಿಡಿದ ವಾಲ್ಡೆಮಾರ್ ಹಾಫ್ಕಿನ್ 1897ರ ಜನವರಿಯಲ್ಲಿ ಮುಂಬೈಯಲ್ಲಿ ಮೊದಲು ತನ್ನ ಮೈಗೇ ಅದನ್ನು ಚುಚ್ಚಿಕೊಂಡಿದ್ದವನು. ಮಲ್ಕೋವಾಲ್‌ನಲ್ಲಿ ಹತ್ತೊಂಬತ್ತು ಜನರಿಗೆ ಧನುರ್ವಾಯು ಬಂತು. ಹತ್ತೊಂಬತ್ತೂ ಜನ ಸತ್ತರು. ಅವರೆಲ್ಲರಿಗೂ ಹಾಕಿದ ಮದ್ದು ಒಂದೇ ಸೀಸೆಯದು, ನಂಬರು 53-ಎನ್. ತಪ್ಪು ಮುಂಬೈಯ ಪ್ರಯೋಗಾಲಯದಲ್ಲೇ ಆಗಿದೆಯೆಂದು ಹಾಫ್ಕಿನ್‌ನನ್ನು ಅಮಾನತಿನಲ್ಲಿಟ್ಟರು. ಆ ದಿನ ಹಳ್ಳಿಯಲ್ಲಿ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದದ್ದು, ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದ್ದು ಕ್ರಮೇಣ ಗೊತ್ತಾಯಿತು. 1907ರಲ್ಲಿ ಮಲೇರಿಯಾ ಸಂಶೋಧನೆಗೆ ಹೆಸರಾದ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಬರೆದು ಹಾಫ್ಕಿನ್ ನಿರಪರಾಧಿಯೆಂದು ಸಾರಿದರು. ಆತ ಮತ್ತೆ ಭಾರತಕ್ಕೆ ಬಂದ. 1925ರಲ್ಲಿ ಮುಂಬೈಯ ಆ ಪ್ರಯೋಗಾಲಯಕ್ಕೆ ಅವನ ಹೆಸರನ್ನೇ ಇಟ್ಟರು. ನ್ಯಾಯವಾಗಿ ಸಲ್ಲಬೇಕಾದ ಗೌರವವೇ ಅದು.

ಈ ಕಥೆಯನ್ನು ನಾನು ಬೇರೆ ಬೇರೆ ಕಡೆ ಓದಿದ್ದೇನೆ. ಎಲ್ಲ ಕಡೆಯೂ ಅದು ಹಾಫ್ಕಿನ್‌ನ ಕಥೆ. ಅವನ ಅವಮಾನ, ಅವನ ಹೋರಾಟ, ಅವನ ಬಿಡುಗಡೆ. ಸೀಸೆಯ ನಂಬರು ಇದೆ. ಇಕ್ಕಳ ಇದೆ. ಹತ್ತೊಂಬತ್ತು ಜನ ಎಂಬ ಸಂಖ್ಯೆಯೂ ಇದೆ. ಒಬ್ಬರದೂ ಹೆಸರಿಲ್ಲ, ಒಂದು ಮನೆಯ ಮಾತಿಲ್ಲ. ತಪ್ಪು ಯಾರದು ಎಂಬ ಪ್ರಶ್ನೆಗೆ ಐದು ವರ್ಷ ಉತ್ತರ ಹುಡುಕಿದ ಮೇಲೆ ಸತ್ತವರು ಲೆಕ್ಕದಿಂದಲೇ ಜಾರಿಹೋಗಿದ್ದರು. ಲಸಿಕೆಯ ಹಾನಿಗೆ ಪರಿಹಾರ ಕೇಳಿದ ಕಥೆಗಳನ್ನು ಓದುತ್ತ ಹೋದಂತೆ ಇದೇ ಮತ್ತೆ ಮತ್ತೆ ಕಾಣುತ್ತದೆ. ನಾವು ಮೊದಲು ಕೇಳುವುದು ತಪ್ಪಿತಸ್ಥರು ಯಾರು ಎಂದು. ತಪ್ಪಿತಸ್ಥ ಸಿಗದಿದ್ದರೆ ನೊಂದವರಿಗೂ ಮನೆಗೆ ಹೋಗಿ ಅನ್ನುತ್ತೇವೆ.

ಕ್ಯಾಲಿಫೋರ್ನಿಯಾದ ಒಂದು ಜ್ಯೂರಿ ಹಾಗೆ ಅನ್ನಲಿಲ್ಲ. 1955ರ ಏಪ್ರಿಲ್ 12ರಂದು ಸಾಲ್ಕ್ ಅವರ ಪೋಲಿಯೊ ಲಸಿಕೆ ಸುರಕ್ಷಿತವೆಂದು ಘೋಷಣೆಯಾದಾಗ ಅಮೆರಿಕದಲ್ಲಿ ಚರ್ಚಿನ ಗಂಟೆಗಳು ಮೊಳಗಿದವು. ಅದೇ ತಿಂಗಳ ಕೊನೆಗೆ, ಬರ್ಕ್ಲಿಯ ಕಟರ್ ಲ್ಯಾಬೊರೇಟರೀಸ್ ತಯಾರಿಸಿದ ಕೆಲವು ಸೀಸೆಗಳಲ್ಲಿ ವೈರಸ್ ಪೂರ್ತಿ ಸತ್ತಿರಲಿಲ್ಲ ಎಂಬುದು ಬಯಲಾಯಿತು. ಸುಮಾರು ಇನ್ನೂರು ಮಕ್ಕಳ ಕೈಕಾಲು ಬಿದ್ದುಹೋದವು. ಹತ್ತು ಜನ ಸತ್ತರು. ಕಾಲು ಕಳೆದುಕೊಂಡ ಒಬ್ಬ ಪುಟ್ಟ ಹುಡುಗಿಯ ಹೆತ್ತವರು ಕೋರ್ಟಿಗೆ ಹೋದರು. 1958ರಲ್ಲಿ ಜ್ಯೂರಿ ಹೇಳಿದ್ದು ಎರಡು ಮಾತು. ಕಂಪನಿ ನಿರ್ಲಕ್ಷ್ಯ ಮಾಡಿಲ್ಲ, ಆಗಿನ ತಿಳಿವಳಿಕೆಗೆ ತಕ್ಕಂತೆ ಎಚ್ಚರದಿಂದಲೇ ಮಾಡಿದೆ. ಆದರೂ ಇದು ಪೋಲಿಯೊ ತಡೆಯುವ ಮದ್ದು ಎಂದು ಮಾತುಕೊಟ್ಟು ಮಾರಿದ ಮೇಲೆ, ಆ ಮಾತು ಮುರಿದದ್ದಕ್ಕೆ ಹಣ ಕಟ್ಟಿಕೊಡಬೇಕು.

ತಪ್ಪಿಲ್ಲ, ಆದರೂ ಕೊಡಬೇಕು. ವ್ಯಾಪಾರಿಗಳಿಗೂ ವಿಮೆಯವರಿಗೂ ಇದು ದಿಗಿಲು ಹುಟ್ಟಿಸಿದ ತೀರ್ಪು. ನನಗೆ ಮಾತ್ರ ಇದು ನಮ್ಮ ಮನೆಗಳಲ್ಲಿ ದಿನವೂ ನಡೆಯುವ ನ್ಯಾಯದಂತೆ ಕಾಣುತ್ತದೆ. ಪಕ್ಕದ ಮನೆಯ ಹುಡುಗ ನಮ್ಮ ಮನೆಯ ಕೆಲಸಕ್ಕೆಂದು ಮರ ಹತ್ತಿ ಬಿದ್ದರೆ, ಕೊಂಬೆ ಮುರಿದದ್ದು ಯಾರ ತಪ್ಪು ಎಂದು ಪಂಚಾಯಿತಿ ಮಾಡುತ್ತ ಕೂರುವುದಿಲ್ಲ. ಆಸ್ಪತ್ರೆಗೆ ಒಯ್ಯುತ್ತೇವೆ, ಖರ್ಚು ನಮ್ಮದೇ ಅನ್ನುತ್ತೇವೆ. ಅವನು ಹತ್ತಿದ್ದು ನಮಗಾಗಿ.

ಜರ್ಮನ್ನರ ಕಾನೂನಿನಲ್ಲಿ ಇದಕ್ಕೊಂದು ಹಳೆಯ ನೆಲೆಯಿದೆ. 1794ರ ಪ್ರಷ್ಯಾದ ಸಂಹಿತೆಯಲ್ಲೇ ಬಂದ ವಿಚಾರ ಅದು. ಸಮುದಾಯದ ಒಳಿತಿಗಾಗಿ ಒಬ್ಬನ ಹಕ್ಕನ್ನು ಬಲಿಕೊಡಬೇಕಾಗಿ ಬಂದರೆ ಅವನ ನಷ್ಟವನ್ನು ರಾಜ್ಯ ತುಂಬಿಕೊಡಬೇಕು. 1953ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಕಡ್ಡಾಯ ಸಿಡುಬಿನ ಲಸಿಕೆಯಿಂದ ಆದ ಹಾನಿಗೆ ಇದನ್ನೇ ಅನ್ವಯಿಸಿತು. 1961ರಲ್ಲಿ ಅದು ಶಾಸನವಾಯಿತು. ಆ ಹಳೆಯ ತತ್ವದ ಹೆಸರಿನಲ್ಲಿ ಬಲಿದಾನ, ತ್ಯಾಗ ಎಂಬ ಅರ್ಥದ ಪದವೇ ಇದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಜನಪದ ಹಾಡಿನ ಭಾಗೀರಥಿ, ನೀರು ಬರಲೆಂದು ಕೆರೆಗೆ ಹಾರವಾದವಳು.

ಆ ಹಾಡನ್ನು ಕೇಳಿ ಬೆಳೆದವರಿಗೆ ಗಂಟಲು ಕಟ್ಟುವುದು ಯಾವ ಜಾಗದಲ್ಲಿ? ನೀರು ಮೆಟ್ಟಿಲು ಮೆಟ್ಟಿಲಾಗಿ ಏರುವಲ್ಲಿ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಈಗ ಬೇರೆ ಕಡೆ ಕಟ್ಟುತ್ತದೆ. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ಮನೆಗೆ ಬಂದು, ನನ್ನ ಹೆಂಡತಿ ಎಲ್ಲಿ ಎಂದು ಕೇಳುತ್ತಾನೆ. ಮನೆಯವರು ನಿಜ ಹೇಳುವುದಿಲ್ಲ. ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ. ತವರಿನವರು ಗೆಳತಿಯ ಮನೆಯ ಕಡೆ ಕೈ ತೋರಿಸುತ್ತಾರೆ. ಕೆರೆ ತುಂಬಿದೆ, ಊರಿಗೆ ನೀರಾಗಿದೆ, ಎಲ್ಲರಿಗೂ ಗೊತ್ತಿದೆ. ಅವನಿಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಕೊನೆಗೆ ನಿಜ ಹೇಳುವವಳು ಗೆಳತಿ. ಲಸಿಕೆಗೂ ಆ ಬಲಿಗೂ ಹೋಲಿಕೆಯಿಲ್ಲವೆಂದು ನನಗೆ ಗೊತ್ತು. ಅಲ್ಲಿ ಗೌಡರು ಹೆಸರು ಹಿಡಿದು ಕಿರಿ ಸೊಸೆಯನ್ನು ಆರಿಸಿದರು. ಇಲ್ಲಿ ಯಾರನ್ನೂ ಆರಿಸುವುದಿಲ್ಲ, ವೈದ್ಯರ ಮಗುವೂ ಮಂತ್ರಿಯ ಮಗುವೂ ಅದೇ ಸೂಜಿಗೆ ತೊಡೆ ಕೊಡುತ್ತದೆ. ಸೂಜಿ ಬೇಡವೆಂದರೆ ಸಾಯುವವರು ಸಾವಿರ ಪಾಲು. ಹೋಲುವುದು ಆಮೇಲಿನದು. ಆ ಮನೆಯ ಮುಚ್ಚಿಟ್ಟ ಮಾತು.

ಅಮೆರಿಕ ತನ್ನ ಲೆಕ್ಕವನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು ತಡವಾಗಿ, ಅದೂ ಭಯದಿಂದ. ಎಂಬತ್ತರ ದಶಕದ ಆರಂಭದಲ್ಲಿ ನಾಯಿಕೆಮ್ಮಿನ ಲಸಿಕೆಯಿಂದ ಮಕ್ಕಳ ಮಿದುಳಿಗೆ ಪೆಟ್ಟಾಗುತ್ತದೆ ಎಂಬ ಸುದ್ದಿ ಟಿವಿಯಲ್ಲಿ ಹಬ್ಬಿ, ದಾವೆಗಳ ಮಳೆಯೇ ಸುರಿಯಿತು. ಒಂದೊಂದಾಗಿ ಕಂಪನಿಗಳು ಲಸಿಕೆ ತಯಾರಿಕೆ ಬಿಟ್ಟು ಎದ್ದವು. ಮಕ್ಕಳಿಗೆ ಹಾಕಲು ಲಸಿಕೆಯೇ ಇಲ್ಲದಂತಾಗುತ್ತದೆ ಎನಿಸಿದಾಗ, 1986ರಲ್ಲಿ ಕಾನೂನು ಬಂತು. 1988ರ ಅಕ್ಟೋಬರ್‌ನಿಂದ ಜಾರಿಗೂ ಬಂತು. ಪ್ರತಿ ಡೋಸಿನ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟಿನಂತೆ ತೆರಿಗೆ. ಆ ಹಣದ ನಿಧಿಯಿಂದ ಪರಿಹಾರ. ಯಾವ ಲಸಿಕೆ, ಎಷ್ಟು ಹೊತ್ತಿನೊಳಗೆ, ಎಂಥ ತೊಂದರೆ ಎಂದು ಒಂದು ಪಟ್ಟಿಯಿದೆ. ಪಟ್ಟಿಯಲ್ಲಿರುವಂತೆ ಆಗಿದ್ದರೆ ಲಸಿಕೆಯಿಂದಲೇ ಆಯಿತೆಂದು ತಂದೆತಾಯಿ ಸಾಬೀತು ಮಾಡಬೇಕಿಲ್ಲ. ಅಲ್ಲವೆಂದು ತೋರಿಸುವ ಹೊರೆ ಸರ್ಕಾರದ್ದು. ಯಾರ ತಪ್ಪು ಎಂದು ಕೇಳುವುದೇ ಇಲ್ಲ. ಸೋತರೂ, ದಾವೆ ಪ್ರಾಮಾಣಿಕವಾಗಿದ್ದರೆ ವಕೀಲರ ಖರ್ಚನ್ನು ನಿಧಿಯೇ ಕೊಡುತ್ತದೆ. ಈ ಕೊನೆಯದನ್ನು ಓದಿ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದುಃಖದಲ್ಲಿರುವವರು ತಪ್ಪು ತಿಳಿದು ಬಾಗಿಲು ತಟ್ಟಿದರೂ ಬರಿಗೈಯಲ್ಲಿ ಸಾಲಗಾರರಾಗಿ ಹಿಂತಿರುಗಬಾರದೆಂದು ಯಾರೋ ಯೋಚಿಸಿದ್ದಾರೆ.

ಕೊರತೆಗಳು ಬಹಳ ಇವೆ. ಸಾವಿಗೆ ಎರಡೂವರೆ ಲಕ್ಷ ಡಾಲರ್ ಎಂದು 1986ರಲ್ಲಿ ಬರೆದದ್ದು ಹಾಗೆಯೇ ಉಳಿದಿದೆ, ಬೆಲೆಗಳೆಲ್ಲ ಏರಿದರೂ. ಬ್ರಿಟನ್ನಿನದು ಇನ್ನೂ ಬಿಗಿ. 1979ರ ಅವರ ಕಾನೂನು ಇಂದು 1,20,000 ಪೌಂಡು ಕೊಡುತ್ತದೆ, ಆದರೆ ಬದುಕುಳಿದವರು ನೂರಕ್ಕೆ ಅರವತ್ತರಷ್ಟು ಅಂಗವಿಕಲರಾಗಿರಬೇಕು. ಒಂದು ಕಣ್ಣು, ಒಂದು ಕಾಲು, ಒಂದು ನೆನಪಿನ ಶಕ್ತಿ ನೂರಕ್ಕೆ ಎಷ್ಟೆಂದು ಮೇಜಿನ ಆಚೆ ಕೂತವರು ಅಳೆಯುತ್ತಾರೆ.

ನಿಜ ಯಾವುದು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಕರುಣೆಯ ಮಾತಾಡುವುದು ಸುಲಭ. ಅದು ನನಗೆ ಬೇಡ. ಅದೇ ನಾಯಿಕೆಮ್ಮಿನ ಲಸಿಕೆಯ ವಿಷಯವನ್ನೇ ನೋಡಿ. ಐರ್ಲೆಂಡಿನ ಕಾರ್ಕ್ ಕೌಂಟಿಯ ಒಬ್ಬ ತಾಯಿ 1969ರಲ್ಲಿ ತನ್ನ ಹಸುಗೂಸಿಗೆ ಆ ಲಸಿಕೆ ಹಾಕಿಸಿದಳು. ಮಗುವಿಗೆ ಸೆಳವು ಬಂತು, ಮಿದುಳು ಕೆಟ್ಟಿತು. ಇಪ್ಪತ್ತಮೂರು ವರ್ಷದ ಮೇಲೆ, 1992ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ಅವಳ ಪರ ತೀರ್ಪು ಕೊಟ್ಟಿತು. ಆ ನಿರ್ದಿಷ್ಟ ಬ್ಯಾಚು ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೂ ಮಾರುಕಟ್ಟೆಗೆ ಬಿಟ್ಟದ್ದು ಕಂಪನಿಯದೇ ಹಳೆಯ ಕಡತಗಳಿಂದ ಹೊರಬಿತ್ತು. ಆದರೆ 1988ರಲ್ಲಿ ಲಂಡನ್ನಿನ ನ್ಯಾಯಾಧೀಶರೊಬ್ಬರು ತಿಂಗಳುಗಟ್ಟಲೆ ತಜ್ಞರ ಮಾತು ಕೇಳಿ, ಆ ಲಸಿಕೆ ಮಿದುಳಿಗೆ ಶಾಶ್ವತ ಹಾನಿ ಮಾಡುತ್ತದೆ ಎಂಬುದು ಸಾಬೀತಾಗಿಲ್ಲ ಎಂದಿದ್ದರು. ಮುಂದೆ 2006ರಲ್ಲಿ ಆಸ್ಟ್ರೇಲಿಯಾದ ಸಾಮ್ಯುಯೆಲ್ ಬೆರ್ಕೋವಿಚ್ ಮತ್ತು ಸಂಗಡಿಗರು, ನಾಯಿಕೆಮ್ಮಿನ ಲಸಿಕೆಯಿಂದ ಮಿದುಳು ಕೆಟ್ಟಿತೆಂದು ಹೇಳಲಾಗಿದ್ದ ಹದಿನಾಲ್ಕು ಜನರ ರಕ್ತ ಪರೀಕ್ಷೆ ಮಾಡಿದರು. ಹನ್ನೊಂದು ಜನರಲ್ಲಿ ಒಂದು ವಂಶವಾಹಿಯ ದೋಷ ಕಂಡಿತು. ಹುಟ್ಟಿನಿಂದಲೇ ಇದ್ದದ್ದು, ಮೊದಲ ವರ್ಷದಲ್ಲಿ ಸೆಳವಾಗಿ ತಲೆಯೆತ್ತುವಂಥದ್ದು. ಸೂಜಿ ಹಾಕದಿದ್ದರೂ ಆ ರೋಗ ಬರುತ್ತಿತ್ತು.

ಆ ಹನ್ನೊಂದು ಮನೆಗಳನ್ನು ನೆನೆದಾಗ ನನಗೆ ಏನೋ ಆಗುತ್ತದೆ. ನಾನೇ ಕರೆದೊಯ್ದು ಹಾಕಿಸಿದೆ ಎಂದು ಎಷ್ಟು ಅಮ್ಮಂದಿರು ವರ್ಷಾನುಗಟ್ಟಲೆ ತಮ್ಮನ್ನು ಹಳಿದುಕೊಂಡಿದ್ದರೋ. ವಿಜ್ಞಾನ ಹೇಳಿದ 'ಅಲ್ಲ' ಅವರ ಎದೆಯ ಭಾರವನ್ನೂ ಸ್ವಲ್ಪ ಇಳಿಸಿರಬೇಕು. ದಾವೆಯ ಕೋಣೆಯಲ್ಲಿ 'ಅಲ್ಲ' ಎಂದರೆ ಸೋಲು. ಮನೆಯಲ್ಲಿ ಕೆಲವೊಮ್ಮೆ ಅದು ಬಿಡುಗಡೆ.

ಆದರೆ ದುಃಖವನ್ನು ಮಾರುವವರೂ ಇರುತ್ತಾರೆ. 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹನ್ನೆರಡು ಮಕ್ಕಳ ವಿಷಯ ಬರೆದು, ದಡಾರದ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಆಂಡ್ರೂ ವೇಕ್‌ಫೀಲ್ಡ್ ಆ ಹೊತ್ತಿಗಾಗಲೇ ಲಸಿಕೆ ಕಂಪನಿಗಳ ಮೇಲೆ ಪರಿಹಾರದ ದಾವೆ ಸಿದ್ಧಪಡಿಸುತ್ತಿದ್ದ ವಕೀಲರಿಂದ ಹಣ ಪಡೆಯುತ್ತಿದ್ದ. ಅದನ್ನು ಹೇಳಿರಲಿಲ್ಲ. ಪತ್ರಕರ್ತ ಬ್ರಯಾನ್ ಡೀರ್ 2004ರಲ್ಲಿ ಅದನ್ನು ಬಯಲಿಗೆಳೆದರು. 2010ರಲ್ಲಿ ಲೇಖನವನ್ನು ಹಿಂತೆಗೆದುಕೊಂಡರು, ವೇಕ್‌ಫೀಲ್ಡ್‌ನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದರು. ಅಷ್ಟರಲ್ಲಿ ಅಮೆರಿಕದ ಆ ಪರಿಹಾರ ನಿಧಿಯ ಅರ್ಜಿಗಳನ್ನು ನೋಡುವ ನ್ಯಾಯಾಲಯಕ್ಕೆ ಆಟಿಸಂ ಹೆಸರಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. ಮಾದರಿಯಾಗಿ ಕೆಲವನ್ನು ಆರಿಸಿ, ಸಾವಿರಾರು ಪುಟದ ಸಾಕ್ಷ್ಯ ನೋಡಿ, 2009ರಲ್ಲೂ 2010ರಲ್ಲೂ ತೀರ್ಪು ಬಂತು. ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲ. ಆ ಅಪ್ಪಅಮ್ಮಂದಿರ ಬಗ್ಗೆ ತೀರ್ಪು ಬರೆದವರಿಗೆ ಮರುಕವಿತ್ತು. ಅವರನ್ನು ದಾರಿತಪ್ಪಿಸಿದ ವೈದ್ಯರ ಬಗ್ಗೆ ಸಿಟ್ಟೂ ಇತ್ತು. ಆ ಐದು ಸಾವಿರ ಮನೆಗಳು ಕಳೆದುಕೊಂಡ ವರ್ಷಗಳ ಪಾಪ ಯಾರಿಗೆ ತಟ್ಟಬೇಕೆಂದು ನನಗೆ ಸಂಶಯವಿಲ್ಲ.

ಹಾಗಾದರೆ ಕೇಳಿದವರಿಗೆಲ್ಲ ಕೊಡಿ ಎನ್ನಲಾಗದು, ಕೇಳುವವರೆಲ್ಲ ಸುಳ್ಳರು ಎನ್ನಲೂ ಆಗದು. ಒಂದೊಂದನ್ನೂ ಕೂತು ನೋಡಬೇಕು. ನೋಡುವ ಜಾಗವೊಂದು ಇರಬೇಕು.

ನಮ್ಮಲ್ಲಿ 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಕೆಲವು ವಾರಗಳೊಳಗೆ ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು. ಒಬ್ಬಳಿಗೆ ಹದಿನೆಂಟು, ಇನ್ನೊಬ್ಬಳಿಗೆ ಇಪ್ಪತ್ತು. ಹೆತ್ತವರು ಸುಪ್ರೀಂ ಕೋರ್ಟಿಗೆ ಹೋಗಿ ಸ್ವತಂತ್ರ ತನಿಖೆ ಮಾಡಿಸಿ, ಪರಿಹಾರ ಕೊಡಿಸಿ ಎಂದರು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಮಾಣಪತ್ರ ಸಲ್ಲಿಸಿತು. ಲಸಿಕೆ ಕಡ್ಡಾಯವಾಗಿರಲಿಲ್ಲ, ಜನ ತಾವಾಗಿ ಹಾಕಿಸಿಕೊಂಡರು. ಸರ್ಕಾರವನ್ನು ನೇರ ಹೊಣೆ ಮಾಡಲಾಗದು. ಪರಿಹಾರ ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಬಹುದು. ಲಸಿಕೆಯಿಂದ ಅಪಾಯ ಅತ್ಯಂತ ವಿರಳ ಎಂದೂ ಅದರಲ್ಲಿತ್ತು. ಆ ಮಾತು ನಿಜ. ದೇಶದಲ್ಲಿ 220 ಕೋಟಿ ಡೋಸು ಹಾಕಿ ಎಷ್ಟೋ ಲಕ್ಷ ಜೀವ ಉಳಿಸಿದ್ದೂ ನಿಜ.

ತಾವಾಗಿ ಹಾಕಿಸಿಕೊಂಡರು ಎಂಬ ಮಾತಿನ ಮೇಲೆ ನನ್ನ ಮನಸ್ಸು ನಿಂತುಬಿಡುತ್ತದೆ. ಆ ದಿನಗಳ ನೆನಪು ನಮಗೆಲ್ಲ ಇದೆ. ಫೋನೆತ್ತಿದರೆ ಮೊದಲು ಲಸಿಕೆಯ ದನಿ. ಕಾಲೇಜಿನ ಗೇಟಿನಲ್ಲಿ, ಮಾಲಿನ ಬಾಗಿಲಲ್ಲಿ, ವಿಮಾನ ನಿಲ್ದಾಣದಲ್ಲಿ ಸರ್ಟಿಫಿಕೇಟ್ ತೋರಿಸಿ ಒಳಗೆ ಹೋಗಿದ್ದೇವೆ. ನಾನು ಖುಷಿಯಿಂದಲೇ ಹಾಕಿಸಿಕೊಂಡೆ, ಮನೆಯವರನ್ನೆಲ್ಲ ಎಳೆದೊಯ್ದು ಹಾಕಿಸಿದೆ. ನಿಮಗಾಗಿ, ನೆರೆಯವರಿಗಾಗಿ, ದೇಶಕ್ಕಾಗಿ ಎಂದು ಕರೆದರು. ಬಂದೆವು. ಹಾಗೆ ಕರೆದು, ಬಂದವರಲ್ಲಿ ಒಬ್ಬರು ಬಿದ್ದಾಗ, ನೀವೇ ಬಂದಿರಿ ಎನ್ನಬಹುದೇ?

ಸಿವಿಲ್ ಕೋರ್ಟಿನ ದಾರಿ ಹೇಗಿರುತ್ತದೆ ಎಂದು ಯೋಚಿಸಿ. ಮಗಳು ಸತ್ತ ದಿನವೇ ಮರಣೋತ್ತರ ಪರೀಕ್ಷೆ ಮಾಡಿಸಿರಬೇಕು. ದುಃಖದ ನಡುವೆ ಯಾರಿಗೆ ಹೊಳೆಯುತ್ತದೆ? ಬ್ಯಾಚ್ ನಂಬರು, ಆಸ್ಪತ್ರೆಯ ಕೇಸ್ ಶೀಟು, ಪ್ಲೇಟ್‌ಲೆಟ್ಟಿನ ಲೆಕ್ಕ, ರಕ್ತ ಹೆಪ್ಪುಗಟ್ಟಿದ ಸ್ಕ್ಯಾನು ಎಲ್ಲ ಬೇಕು. ಲಸಿಕೆಯೇ ಕಾರಣ ಎಂದು ಹೇಳಬಲ್ಲ ತಜ್ಞರನ್ನು ಹುಡುಕಬೇಕು. ಆಮೇಲೆ ಕಂಪನಿಯದೋ ಸರ್ಕಾರದ್ದೋ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಯಾರೂ ನಿರ್ಲಕ್ಷ್ಯ ಮಾಡಿರದಿದ್ದರೆ? ಲಸಿಕೆ ಸರಿಯಾಗಿಯೇ ತಯಾರಾಗಿ, ಸರಿಯಾಗಿಯೇ ಹಾಕಿ, ಆದರೂ ಒಂದು ಎಳೆಯ ದೇಹದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ? ಹಾಗೂ ಆಗುತ್ತದೆ. ಆಕ್ಸ್‌ಫರ್ಡ್ ಕೋವಿಡ್ ಲಸಿಕೆಯಿಂದ ಬಹಳ ಅಪರೂಪಕ್ಕೆ ಅಂಥ ತೊಂದರೆಯಾಗಬಹುದು ಎಂಬುದನ್ನು 2024ರಲ್ಲಿ ಬೆಳಕಿಗೆ ಬಂದ ಲಂಡನ್ ಕೋರ್ಟಿನ ಕಾಗದಗಳಲ್ಲಿ ಆಸ್ಟ್ರಾಜೆನೆಕಾ ಕಂಪನಿಯೇ ಒಪ್ಪಿದೆ. ಎಲ್ಲರೂ ಒಳ್ಳೆಯವರಾಗಿದ್ದು ಒಬ್ಬರು ಸತ್ತರೆ ಸಿವಿಲ್ ಕೋರ್ಟಿಗೆ ಹೇಳಲು ಮಾತಿಲ್ಲ.

ನಮ್ಮ ಕಾನೂನಿನಲ್ಲೇ ಇನ್ನೊಂದು ಮಗ್ಗುಲಿದೆ. ಒಂದು ಲಸಿಕೆ ಇನ್ನೂ ಪ್ರಯೋಗದ ಹಂತದಲ್ಲಿದ್ದಾಗ ಅದನ್ನು ಹಾಕಿಸಿಕೊಂಡವರಿಗೆ ಅದರಿಂದ ಹಾನಿಯಾದರೆ, 2019ರ ಹೊಸ ಔಷಧ ಮತ್ತು ಪ್ರಯೋಗ ನಿಯಮಗಳ ಪ್ರಕಾರ ಚಿಕಿತ್ಸೆಯೂ ಉಂಟು, ಪರಿಹಾರವೂ ಉಂಟು. ಯಾರ ತಪ್ಪೆಂದು ತೋರಿಸಬೇಕಿಲ್ಲ. ಅನುಮತಿ ಸಿಕ್ಕಿ ಅದೇ ಸೀಸೆ ಊರೂರಿಗೆ ಬಂದ ಮೇಲೆ ಆ ಆಸರೆ ನಿಂತುಹೋಗುತ್ತಿತ್ತು. ಪ್ರಯೋಗಕ್ಕೆ ಮೈ ಒಡ್ಡಿದ ಸಾವಿರಾರು ಜನರಿಗೆ ಸಲ್ಲುವ ನ್ಯಾಯ, ಅವರ ಹಿಂದೆ ನಂಬಿ ಬಂದ ಕೋಟ್ಯಂತರ ಜನರಲ್ಲಿ ಬಿದ್ದವರಿಗೆ ಯಾಕೆ ಸಲ್ಲಬಾರದು? ಕೇರಳದ ಹೈಕೋರ್ಟು ಈ ಕೊರತೆಯನ್ನು 2022ರಲ್ಲೇ ಗುರುತಿಸಿತ್ತು. ಗಂಡನನ್ನು ಕಳೆದುಕೊಂಡ ಒಬ್ಬ ಮಹಿಳೆಯ ಅರ್ಜಿಯ ಮೇಲೆ, ಇಂಥವರನ್ನು ಗುರುತಿಸಿ ಪರಿಹಾರ ಕೊಡಲು ಮಾರ್ಗಸೂಚಿ ಮಾಡಿ ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಹೇಳಿತ್ತು.

ಅದೇ 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿಸಿಕೊಂಡ ಮೂರು ಕಂದಮ್ಮಗಳು ಸತ್ತವು. ಲಸಿಕೆಯನ್ನು ಇಡಬೇಕಾದಂತೆ ಇಟ್ಟಿರಲಿಲ್ಲ ಎಂಬುದು ಮೊದಲ ವಿಚಾರಣೆಯಲ್ಲಿ ಕಂಡದ್ದು. ಸಿಬ್ಬಂದಿಯ ಅಮಾನತಾಯಿತು. ಮಲ್ಕೋವಾಲ್‌ನ ಇಕ್ಕಳ ನನಗೆ ನೆನಪಾಯಿತು. ನೂರಿಪ್ಪತ್ತು ವರ್ಷದ ಮೇಲೆ, ನಮ್ಮದೇ ನೆಲದಲ್ಲಿ, ಮದ್ದು ಒಳ್ಳೆಯದೇ ಇದ್ದು ಕೈಯಲ್ಲಿ ಕೆಟ್ಟದ್ದು.

ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಜನ ಲಸಿಕೆಗೆ ಹೆದರುತ್ತಾರೆ ಎಂಬ ವಾದವನ್ನು ಒಳ್ಳೆಯ ವೈದ್ಯರಿಂದಲೂ ಕೇಳಿದ್ದೇನೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. 2025ರ ಬೇಸಿಗೆ ಕಳೆಯುವ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನದೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಬಂದಾಗ ಏನಾಯಿತು? ಎಲ್ಲರ ಬಾಯಲ್ಲೂ ಒಂದೇ ಮಾತು, ಕೋವಿಡ್ ಸೂಜಿ. ಮುಖ್ಯಮಂತ್ರಿಯವರೂ ಆ ಅನುಮಾನವನ್ನು ಆಡಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು, ನಲವತ್ತರ ಗಂಡಸರು ಎದೆ ಹಿಡಿದುಕೊಂಡು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ನೋಡಿ, ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣುತ್ತಿಲ್ಲ ಎಂದಿತು. ನಾನು ಅದನ್ನು ನಂಬುತ್ತೇನೆ. ನನ್ನ ಓಣಿಯ ಎಷ್ಟೋ ಜನ ನಂಬಲಿಲ್ಲ. "ಅವರು ಹೇಳ್ತಾರಾ?" ಎಂದರು ಹಾಲಿನ ಅಂಗಡಿಯವರು. ಆ ಎರಡು ಪದಕ್ಕೆ ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ನಿಜವಾಗಿ ಲಸಿಕೆಯಿಂದ ನೊಂದ ಬೆರಳೆಣಿಕೆಯ ಜನರನ್ನು ಹೆಸರು ಹಿಡಿದು ಕರೆದು, ಇವರಿಗೆ ಆದದ್ದು ಹೌದು, ನಮ್ಮ ಋಣ ಇದು ಎಂದು ಕೊಟ್ಟಿದ್ದರೆ, ಇವರಿಗೆ ಆದದ್ದು ಅಲ್ಲ ಎಂಬ ಮಾತನ್ನೂ ಅವರು ನಂಬುತ್ತಿದ್ದರು ಅಂತ ನನಗನ್ನಿಸುತ್ತದೆ. ತವರಿಗೆ ಹೋಗಿದ್ದಾಳೆ ಎಂದು ಒಮ್ಮೆ ಹೇಳಿದ ಮನೆಯ ಮಾತನ್ನು ಮಾದೇವರಾಯ ಮತ್ತೆ ಹೇಗೆ ನಂಬಿಯಾನು?

ಆ ಗುರುವಾರ ಅರ್ಧ ಗಂಟೆ ಮುಗಿಯುವ ಹೊತ್ತಿಗೆ ಮಗು ಹಾಲು ಕುಡಿದು ನಿದ್ದೆ ಹೋಗಿತ್ತು. ಸಿಸ್ಟರ್ ಬಂದು ಅದರ ಎದೆಯ ಏರಿಳಿತ ನೋಡಿ, ತುಟಿಯ ಬಣ್ಣ ನೋಡಿ, ಹೊರಡಿ ಎಂದರು. ಹುಡುಗಿ ಎದ್ದವಳು ಮತ್ತೆ ನಿಂತಳು.

"ಏನಾದ್ರೂ ಆದ್ರೆ ಯಾರಿಗೆ ಹೇಳೋದು ಸಿಸ್ಟರ್?"

ಸಿಸ್ಟರ್ ಅವಳ ಕೈಯಿಂದ ತಾಯಿ ಕಾರ್ಡು ತೆಗೆದುಕೊಂಡು ಮಗುಚಿದರು. ಹಿಂದಿನ ಪುಟದ ಅಂಚಿನಲ್ಲಿ, ಯಾವ ಕಾಲಮ್ಮೂ ಇಲ್ಲದ ಜಾಗದಲ್ಲಿ, ತಮ್ಮ ಮೊಬೈಲ್ ನಂಬರು ಬರೆದರು. "ರಾತ್ರಿ ಎಷ್ಟೊತ್ತಾದ್ರೂ ಮಾಡಿ" ಎಂದರು.

ಹನ್ನೊಂದೂವರೆಗೆ ಜ್ವರ ಬಂತು. ಹುಡುಗಿ ಫೋನು ಮಾಡಿದಳು. ಎರಡನೆಯ ರಿಂಗಿಗೇ ಎತ್ತಿದರಂತೆ.